ನಾಯಿ ಬಿಳಿ ಚಾಕೊಲೇಟ್ ತಿಂದಾಗ: ಪಶುವೈದ್ಯನಾಗಿ ನನ್ನ ಅನುಭವ

ವಿಜಯಪುರದಲ್ಲಿ ಸಾಕುಪ್ರಾಣಿಗಳಿಗೆ ಚಿಕಿತ್ಸೆ ನೀಡುತ್ತಿರುವ ನನಗೆ ಹಬ್ಬ, ಹುಟ್ಟುಹಬ್ಬಗಳ ಮರುದಿನ ಬರುವ ಫೋನ್‌ಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ: "ಬಿಳೇ ಚಾಕೊಲೇಟ್ ರೀ ಸರ್, ಕರೇದಲ್ಲ. ಏನೂ ಆಗೂದಿಲ್ಲಲ್ರೀ?" ಉತ್ತರ ಹೇಳುವ ಮೊದಲು ನಾನು ನಾಯಿಯ ತೂಕ ಕೇಳುತ್ತೇನೆ, ಚಾಕೊಲೇಟಿನ ಹೊದಿಕೆಯ ಹಿಂಬದಿಯ ಫೋಟೊ ತರಿಸಿಕೊಳ್ಳುತ್ತೇನೆ.

ಚಾಕೊಲೇಟಿನಲ್ಲಿ ನಾಯಿಗೆ ವಿಷವಾಗುವುದು ಕೋಕೊದಲ್ಲಿರುವ ಥಿಯೋಬ್ರೊಮಿನ್. ನಾಯಿಯ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಹಿಡಿಯುತ್ತದೆ. ದೇಹತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಸೇರಿದರೆ ವಾಂತಿ, ಭೇದಿ, ಚಡಪಡಿಕೆ ಕಾಣಿಸುತ್ತವೆ. 40 ದಾಟಿದರೆ ಎದೆಬಡಿತದ ಲಯ ತಪ್ಪುತ್ತದೆ. 60ರ ಹೊತ್ತಿಗೆ ಸೆಳವು ಬರಬಹುದು. ಆರು ಕಿಲೋ ತೂಗುವ ಪಾಮೇರಿಯನ್ ಮೊದಲ ಗಡಿ ಮುಟ್ಟಲು ಹಾಲಿನ ಚಾಕೊಲೇಟ್ ಸುಮಾರು 60 ಗ್ರಾಂ, ಕೋಕೊ ಪುಡಿಯಾದರೆ ಒಂದೆರಡು ಚಮಚ ಸಾಕು. ಬಿಳಿ ಚಾಕೊಲೇಟಿನಲ್ಲಿರುವುದು ಕೋಕೊ ಬೆಣ್ಣೆ, ಸಕ್ಕರೆ ಮತ್ತು ಹಾಲಿನ ಪುಡಿ; ಥಿಯೋಬ್ರೊಮಿನ್ ನೂರು ಗ್ರಾಂಗೆ ಒಂದು ಮಿಲಿಗ್ರಾಂ ಆಸುಪಾಸು. ಅಂದರೆ ಅದೇ ನಾಯಿ 12 ಕಿಲೋಗೂ ಹೆಚ್ಚು ತಿನ್ನಬೇಕು. ಈ ಒಂದು ವಿಷಯದಲ್ಲಿ ಮಾಲೀಕರ ಮಾತು ಸರಿಯೇ.

ಆದರೆ ಬಿಳಿ ಚಾಕೊಲೇಟಿನ ಸುಮಾರು ಮೂರನೇ ಒಂದು ಭಾಗ ಕೊಬ್ಬು. ಇಡೀ ಬಾರ್ ಒಮ್ಮೆಗೆ ನುಂಗಿದ ಸಣ್ಣ ನಾಯಿಗೆ, ಅದರಲ್ಲೂ ಮೈ ಬೆಳೆಸಿಕೊಂಡ ನಾಯಿಗೆ, ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಇದರ ಲಕ್ಷಣಗಳು ತಿಂದ ದಿನವೇ ಕಾಣಬೇಕೆಂದಿಲ್ಲ. ಎರಡನೆಯ ಅಥವಾ ಮೂರನೆಯ ದಿನ ನಾಯಿ ಅನ್ನ ಬಿಟ್ಟು, ಪದೇ ಪದೇ ವಾಂತಿ ಮಾಡಿ, ಹಿಂಭಾಗ ಎತ್ತಿ ಮುಂಗಾಲು ನೆಲಕ್ಕೆ ಚಾಚಿ ನಿಲ್ಲತೊಡಗಿದರೆ ಅದು ಹೊಟ್ಟೆನೋವಿನ ಗುರುತೆಂದು ತಿಳಿದು ಕೂಡಲೇ ಕರೆತರಲು ಹೇಳುತ್ತೇನೆ.

ಹೊದಿಕೆಯಲ್ಲಿ ನಾನು ಮೊದಲು ಹುಡುಕುವುದು ಸಿಹಿಕಾರಕದ ಸಂಖ್ಯೆಯನ್ನು. ಸಕ್ಕರೆರಹಿತ ಎಂದು ಮಾರುವ ಚಾಕೊಲೇಟಿನಲ್ಲಿ 965 ಎಂದಿದ್ದರೆ ಅದು ಮಾಲ್ಟಿಟಾಲ್, ಭೇದಿಯಾದೀತು, ಅಷ್ಟೆ. 967 ಎಂದಿದ್ದರೆ ಅದು ಕ್ಸೈಲಿಟಾಲ್. ಅರ್ಧ ಗಂಟೆಯಲ್ಲಿಯೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು, ಪ್ರಮಾಣ ಹೆಚ್ಚಿದ್ದರೆ ಯಕೃತ್ತಿಗೂ ಹಾನಿಯಾಗುತ್ತದೆ, ಆದ್ದರಿಂದ ಅಲ್ಲಿ ಕಾಯುವ ಮಾತೇ ಇಲ್ಲ. ತಿಂದದ್ದು ಕೇಕ್ ಆಗಿದ್ದರೆ ಒಳಗಿನ ಬಣ್ಣವನ್ನೂ ಕೇಳುತ್ತೇನೆ, ಏಕೆಂದರೆ ಬಿಳಿ ಲೇಪದ ಕೆಳಗೆ ಕೋಕೊ ಪುಡಿಯ ಕೇಕ್ ಇರುವುದು ಅಪರೂಪವಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಹೆಚ್ಚು ನೆನಪಿಡಬೇಕಾದದ್ದು ಒಣದ್ರಾಕ್ಷಿ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು, ಬಿಳಿ ಚಾಕೊಲೇಟ್ ಲೇಪಿಸಿದ ಒಣದ್ರಾಕ್ಷಿಯ ಡಬ್ಬಿ ಖಾಲಿ ಮಾಡಿದ್ದ ಲ್ಯಾಬ್ರಡಾರ್‌ನೊಂದಿಗೆ ಬಂದಾಗ, ಅವರ ಆತಂಕವೆಲ್ಲ ಚಾಕೊಲೇಟಿನ ಮೇಲಿತ್ತು; ಮನೆಯ ಶೆಡ್ಡಿನಲ್ಲಿಯೇ ಒಣಗುವ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು ಎಂದರೆ ಅವರು ನಂಬಲಿಲ್ಲ. ಒಂದು ನಾಯಿ ಹಿಡಿತುಂಬ ತಿಂದು ದಕ್ಕಿಸಿಕೊಳ್ಳಬಹುದು, ಇನ್ನೊಂದಕ್ಕೆ ಕೆಲವೇ ಕಾಳು ಮಾರಕವಾಗಬಹುದು, ಹಾಗಾಗಿ ಸುರಕ್ಷಿತ ಪ್ರಮಾಣವೆಂದು ಹೇಳಲು ಬರುವುದಿಲ್ಲ. ತಿಂದು ಹೆಚ್ಚು ಹೊತ್ತಾಗಿರದಿದ್ದರಿಂದ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದೆ. ಬಿಳಿ ಲೇಪ ಕರಗಿ, ಕಾಳುಗಳು ಹೆಚ್ಚು ಕಡಿಮೆ ಇಡಿಯಾಗಿಯೇ ಹೊರಬಂದವು. ನಂತರ ಹೊಟ್ಟೆಯಲ್ಲಿನ ವಿಷವನ್ನು ಹೀರಿಕೊಳ್ಳುವ ಸಕ್ರಿಯ ಇದ್ದಿಲು ಕುಡಿಸಿ, ಸಲೈನ್ ಏರಿಸಿ, ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅಂಶವನ್ನು ಮೂರು ದಿನ ಪರೀಕ್ಷಿಸಿದೆ. ಅದು ಏರಲಿಲ್ಲ.

ಮನೆಯಲ್ಲಿಯೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದನ್ನು ಖಂಡಿತವಾಗಿ ಬೇಡವೆನ್ನುತ್ತೇನೆ. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟಾಗುತ್ತದೆ. ನಾಯಿ ತಿಂದದ್ದು ಬರೀ ಬಿಳಿ ಚಾಕೊಲೇಟಿನ ಒಂದೆರಡು ತುಂಡು, ಅದು ಚುರುಕಾಗಿಯೂ ಇದೆ ಎಂದಾದರೆ, ನೀರು ಸದಾ ಎದುರಿಗಿಟ್ಟು, ಮೂರು ದಿನ ತುಪ್ಪ ಎಣ್ಣೆ ಸೋಕದ ಅನ್ನದ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಕೊಡಲು ಹೇಳಿ, ದಿನಕ್ಕೊಮ್ಮೆ ಅದರ ಸ್ಥಿತಿಯನ್ನು ಫೋನಿನಲ್ಲಿ ತಿಳಿಸಿದರೆ ಸಾಕೆನ್ನುತ್ತೇನೆ.