ಡಾಲರ್, ನಿಕಲ್‌ ಪದಗಳ ಬೆನ್ನು ಹತ್ತಿ

ಒಂದು ಇಂಗ್ಲಿಷ್ ಪದ ಜರ್ಮನ್‌ನಿಂದ ಬಂದಿದ್ದಾ ಅಂತ ನೋಡುವಾಗ ನಾನು ಮೊದಲು ಅಣ್ಣತಮ್ಮಂದಿರನ್ನು ಬೇರೆ ಇಡುತ್ತೇನೆ. ಇಂಗ್ಲಿಷಿನ 'ವಾಟರ್' ಜರ್ಮನ್‌ನಲ್ಲಿ 'ವಾಸ್ಸರ್'. ಇದು ಎರವಲಲ್ಲ, ಎರಡೂ ಒಂದೇ ಹಳೆಯ ನುಡಿಯಿಂದ ಬಂದವು. ತಮಿಳಿನ 'ಪಾಲ್', ನಮ್ಮ 'ಹಾಲು' ಇಲ್ವಾ, ಹಾಗೇ. ಹಾಲನ್ನು ನಾವೇನೂ ತಮಿಳಿನಿಂದ ಕಡ ತಂದಿಲ್ಲ.

ಇದಕ್ಕೊಂದು ಸುಳಿವಿದೆ. ಇಂಗ್ಲಿಷಿನಲ್ಲಿ 'ಟ' ಇರುವ ಕಡೆ ಜರ್ಮನ್‌ನಲ್ಲಿ ಎಷ್ಟೋ ಸಲ 'ತ್ಸ' ಇರುತ್ತದೆ: ಟೆನ್–ತ್ಸೇನ್, ಟಂಗ್–ತ್ಸುಂಗ. ಹಾಗಾಗಿ ಕ್ವಾರ್ಟ್ಸ್, ವಾಲ್ಟ್ಸ್, ಬ್ಲಿಟ್ಸ್ ಅಂತ ಇಂಗ್ಲಿಷ್ ಪದದೊಳಗೇ ಆ ಸದ್ದು ಕೇಳಿದರೆ ನನಗೆ ಅನುಮಾನ ಶುರು.

ಆಮೇಲೆ ಕೇಳಿಕೊಳ್ಳುವುದು, ಆ ಪದವನ್ನು ಬಳಕೆಗೆ ತಂದವರು ಯಾರು ಅಂತ. ಕಿಂಡರ್‌ಗಾರ್ಟನ್ ಸುಲಭ. ಅದು ಫ್ರೆಡ್ರಿಕ್ ಫ್ರೋಬೆಲ್ ಎಂಬ ಮೇಷ್ಟ್ರು 1840ರಲ್ಲಿ ತಮ್ಮ ಶಾಲೆಗೆ ಇಟ್ಟ ಹೆಸರು. ಹ್ಯಾಂಬರ್ಗರ್‌ಗೂ ಹಂದಿಮಾಂಸದ 'ಹ್ಯಾಮ್'ಗೂ ಸಂಬಂಧವಿಲ್ಲ, ಅದು ಹ್ಯಾಂಬರ್ಗ್ ಊರಿನದು.

ಗಣಿಯವರ ಪದಗಳು ಮಾತ್ರ ನನ್ನನ್ನು ಜಾಸ್ತಿ ಹಿಡಿದಿಟ್ಟವು. ಕೊಬಾಲ್ಟ್, ನಿಕಲ್, ಡಾಲರ್ ಮೂರನ್ನೂ ಬೇರೆ ಬೇರೆಯಾಗಿ ಹುಡುಕಿದೆ. ಮೂರೂ ಒಂದೇ ಬೆಟ್ಟಸಾಲಿಗೆ ಕರೆದುಕೊಂಡು ಹೋದವು. ಈಗಿನ ಜರ್ಮನಿಯ ಸ್ಯಾಕ್ಸನಿ ಮತ್ತು ಜೆಕ್ ದೇಶದ ಬೊಹೀಮಿಯಾ ನಡುವಿನ ಎರ್ತ್ಸ್‌ಗೆಬಿರ್ಗೆ, ಅಂದರೆ ಅದಿರಿನ ಬೆಟ್ಟ. ಅಲ್ಲಿ ಬೆಳ್ಳಿಗಾಗಿ ಅಗೆದವರಿಗೆ ಕೆಲವು ಕಲ್ಲುಗಳಿಂದ ಬೆಳ್ಳಿ ಸಿಗಲಿಲ್ಲ, ಕಾಯಿಸಿದರೆ ಆರ್ಸೆನಿಕ್‌ನ ವಿಷದ ಹೊಗೆ ಬಂತು. ಇದು 'ಕೊಬೋಲ್ಡ್' ಎಂಬ ಕುಳ್ಳ ದೆವ್ವದ ಕಾಟ ಅಂದರು. ಇನ್ನೊಂದು ಅದಿರು ನೋಡಲು ತಾಮ್ರದಂತೆ ಕೆಂಪಗಿದ್ದರೂ ತಾಮ್ರ ಕೊಡಲಿಲ್ಲ. ಅದಕ್ಕೆ 'ಕುಪ್ಫರ್‌ನಿಕ್ಕೆಲ್' ಅಂತ ಬೈದರು. ಕುಪ್ಫರ್ ಅಂದರೆ ತಾಮ್ರ, ನಿಕ್ಕೆಲ್ ಅಂದರೂ ತುಂಟ ದೆವ್ವವೇ. 1751ರಲ್ಲಿ ಅಂಥ ಅದಿರಿನಿಂದ ಹೊಸ ಲೋಹ ತೆಗೆದ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಆ ಬೈಗುಳವನ್ನೇ ಮೊಟಕು ಮಾಡಿ ಹೆಸರಿಟ್ಟ. ತಮಾಷೆ ಅಂದರೆ, ಅಮೆರಿಕದವರು 'ನಿಕಲ್' ಅಂತ ಕರೆಯುವ 5 ಸೆಂಟಿನ ನಾಣ್ಯದಲ್ಲಿ ಇರುವುದು ಶೇ. 75 ತಾಮ್ರ!

ಅದೇ ಬೆಟ್ಟದ ಯೋಆಖಿಮ್ಸ್‌ಟಾಲ್ ಎಂಬ ಕಣಿವೆಯ ಊರಲ್ಲಿ 1520ರ ಸುಮಾರಿಗೆ ದೊಡ್ಡ ಬೆಳ್ಳಿ ನಾಣ್ಯ ಅಚ್ಚಾಗತೊಡಗಿತು. 'ಯೋಆಖಿಮ್ಸ್‌ಟಾಲರ್' ಅನ್ನುವಷ್ಟು ಪುರುಸೊತ್ತು ಯಾರಿಗಿದೆ? 'ಟಾಲರ್' ಆಯಿತು. ಡಚ್ಚರ ಬಾಯಲ್ಲಿ 'ದಾಲರ್', ಇಂಗ್ಲಿಷರಲ್ಲಿ 'ಡಾಲರ್'. ಊರು ಈಗ ಜೆಕ್ ದೇಶದಲ್ಲಿದೆ.

ಇಂಥ ಹುಡುಕಾಟಕ್ಕೆ ನಾನು ತೆರೆಯುವುದು ಗ್ರಿಮ್ ಸಹೋದರರು 1838ರಲ್ಲಿ ಶುರುಮಾಡಿದ ಜರ್ಮನ್ ನಿಘಂಟು. ಅದು ಮುಗಿದದ್ದು 1961ರಲ್ಲಿ. ಯಾಕೋಬ್ ಗ್ರಿಮ್ 'ಎಫ್' ಅಕ್ಷರದಲ್ಲಿದ್ದಾಗಲೇ ತೀರಿಕೊಂಡರು, ಹಾಗಾಗಿ ನಿಕ್ಕೆಲ್, ಟಾಲರ್ ಎರಡೂ ಅವರ ನಂತರದವರು ಬರೆದ ಭಾಗದಲ್ಲಿವೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.