ನಕಲಿ ಹಾರ, ನಕಲಿ ಎಲೆ: ಎರಡು ಕತೆ ಜೋಡಿಸಿ ಪಾಠ ಮಾಡಿದ್ದು

ಚಿಕ್ಕಮಗಳೂರಿನಲ್ಲಿ ಸಂಜೆ ಟ್ಯೂಷನ್ ನಡೆಸುತ್ತೇನೆ. ಎರಡು ಕತೆಗಳ ಸಂಕೇತ ಹೋಲಿಸಿ ಅನ್ನುವ ಪ್ರಶ್ನೆಯಲ್ಲಿ ಮಾತ್ರ ಸತತವಾಗಿ ಸೋಲುತ್ತಿದ್ದೆ. ಬೋರ್ಡಿನ ನಡುವೆ ಗೆರೆ, ಎಡಕ್ಕೆ ಮೊಪಾಸಾನ ‘ನೆಕ್ಲೇಸ್’, ಬಲಕ್ಕೆ ಓ. ಹೆನ್ರಿಯ ‘ಕೊನೆಯ ಎಲೆ’. ಮೊದಲನೆಯದರಲ್ಲಿ ಗೆಳತಿಯಿಂದ ಎರವಲು ತಂದ ಹಾರ ಕಳೆದುಕೊಂಡ ಹೆಂಗಸು, ಗಂಡನ ಜೊತೆ ಸಾಲ ಮಾಡಿ ಅಸಲಿ ಹಾರ ಕೊಂಡು ಹಿಂತಿರುಗಿಸುತ್ತಾಳೆ; ಕಳೆದದ್ದು ನಕಲಿ ಅಂತ ಕೊನೆಗೆ ತಿಳಿಯುತ್ತದೆ. ಎರಡನೆಯದರಲ್ಲಿ ಕಿಟಕಿಯಾಚೆಯ ಬಳ್ಳಿಯ ಕೊನೆಯ ಎಲೆ ಉದುರಿದರೆ ತಾನೂ ಸಾಯುತ್ತೇನೆ ಅಂತ ಕಾಯಿಲೆಯ ಜಾನ್ಸಿ ನಂಬಿರುತ್ತಾಳೆ; ಮುದಿ ಚಿತ್ರಕಾರ ಬೆರ್ಮನ್ ಮಳೆಯ ರಾತ್ರಿ ಗೋಡೆಯ ಮೇಲೆ ಎಲೆ ಬರೆದು ಅವಳನ್ನು ಉಳಿಸಿ, ತಾನು ಸಾಯುತ್ತಾನೆ. ಹಾರ ಅಂದರೆ ದುರಾಸೆ, ಎಲೆ ಅಂದರೆ ಭರವಸೆ. ಮೂವತ್ತು ಮಕ್ಕಳೂ ಅದನ್ನೇ ಬರೆದರು, ಒಂದಕ್ಷರ ಆಚೀಚೆ ಇಲ್ಲ. ನೀವೂ ಹೀಗೇ ಮಾಡಿರ್ತೀರಿ, ಸುಳ್ಳು ಹೇಳಬೇಡಿ.

ಮೂರನೇ ವರ್ಷ ‘ಸಂಕೇತ’ ಅನ್ನುವ ಪದವನ್ನೇ ತರಗತಿಯಿಂದ ಓಡಿಸಿದೆ. ವಸ್ತುವಿನ ಬೆನ್ನು ಹತ್ತಿ ಅಂದೆ. ಯಾರ ಕೈಯಿಂದ ಯಾರ ಕೈಗೆ ಹೋಯಿತು, ನಕಲಿ ಅಂತ ಯಾರಿಗೆ ಯಾವಾಗ ಗೊತ್ತಾಯಿತು, ಅದಕ್ಕೆ ತೆತ್ತವರು ಯಾರು? ‘ಇದೇನ್ರೀ, ಪೊಲೀಸ್ ಮಹಜರಾ? ಪಾಸಾಗೋಕೆ ಗೈಡ್ ಸಾಕು’ ಅಂತ ಜೊತೆಯ ಮೇಷ್ಟ್ರೊಬ್ಬರು ನಕ್ಕರು.

ಎಂ.ಜಿ. ರಸ್ತೆಯಲ್ಲಿ ನೂರೆಂಬತ್ತೋ ಇನ್ನೂರೋ ಕೊಟ್ಟು ಒಂದು ರೋಲ್ಡ್ ಗೋಲ್ಡ್ ಸರ ತಂದೆ. ಪೇಪರಿನಲ್ಲಿ ಸುತ್ತಿಕೊಂಡು ಹೋಗಿದ್ದೇ ತಪ್ಪು. ‘ಜಾತ್ರೆ ಸರ ಸಾರ್’ ಅಂತ ಹಿಂದಿನ ಬೆಂಚೇ ಕೂಗಿತು. ಮಾರನೇ ವರ್ಷ ಅದೇ ಸರವನ್ನು ಹೆಂಡತಿ ಒಡವೆ ಕೊಂಡ ಅಂಗಡಿಯ ಕೆಂಪು ಪೆಟ್ಟಿಗೆಯಲ್ಲಿಟ್ಟೆ. ಅರವತ್ತು ಸಾವಿರದಿಂದ ಶುರುವಾಯಿತು ಬೆಲೆ! ಆಗ ಓದಿಸಿದೆ ಆ ಸಾಲನ್ನು: ಪೆಟ್ಟಿಗೆಯ ಮೇಲೆ ಹೆಸರಿದ್ದ ಒಡವೆ ವ್ಯಾಪಾರಿ, ಹಾರ ನನ್ನದಲ್ಲ, ಬರೀ ಪೆಟ್ಟಿಗೆ ಕೊಟ್ಟಿದ್ದೆ ಅನ್ನುತ್ತಾನೆ. ಗುಟ್ಟೆಲ್ಲ ಅಲ್ಲೇ ಬಿದ್ದಿದೆ. ನಾನೂ ಏಳೆಂಟು ಓದಿನಲ್ಲಿ ಅದನ್ನು ದಾಟಿ ಹೋಗಿದ್ದೆ. ಬದಲಿ ಹಾರಕ್ಕೆ ಕೊಟ್ಟ 36,000 ಫ್ರಾಂಕಿನಲ್ಲಿ ಅರ್ಧ ಗಂಡನಿಗೆ ಅವನಪ್ಪ ಬಿಟ್ಟುಹೋದದ್ದು, ಅರ್ಧ ಸಾಲ. ತೀರಿಸಲು ಹತ್ತು ವರ್ಷ. ಕಳೆದುಹೋದದ್ದು ಹೆಚ್ಚೆಂದರೆ 500ರ ಮಾಲು. ಮನೆಯ ಬಂಗಾರ ಗಿರವಿ ಇಟ್ಟು ಗೊತ್ತಿರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲೆಯದ್ದು ದೊಡ್ಡ ಫಜೀತಿ. ಕಿಟಕಿ ಎದುರಿನ ಕಾಂಪೌಂಡಿನ ಮೇಲೆ ಮೆಣಸಿನ ಬಳ್ಳಿಯ ಎಲೆಯೊಂದನ್ನು ಹುಡುಗನಿಂದ ಬರೆಸಿದೆ. ವಾಟರ್ ಕಲರ್, ಜುಲೈ ತಿಂಗಳು. ಬೆಳಗ್ಗೆ ಹಸಿರು ನೀರು ಚರಂಡಿಯಲ್ಲಿತ್ತು. ಮುಂದಿನ ಸಲ ಎನಾಮೆಲ್ ಬಳಿಸಿದೆ, ನಿಂತಿತು. ಕಟ್ಟಡದ ಮಾಲೀಕರು ಸುಣ್ಣದ ಖರ್ಚು ಅಂತ ಸಾವಿರದ ಇನ್ನೂರು ಕಿತ್ತುಕೊಂಡರು.

ಆದರೂ ಕಾಸು ದಂಡವಾಗಲಿಲ್ಲ. ಜಾನ್ಸಿ ಎಲೆ ಎಣಿಸುವ ಭಾಗ ಓದುವಾಗ ಮೂಡಿಗೆರೆ ಕಡೆಯ ಹುಡುಗಿ ಅಂದಳು: ‘ಸೊರಗು ರೋಗ ಬಂದ ವರ್ಷ ನಮ್ಮಪ್ಪನೂ ಹೀಗೇ ಕೂತಿದ್ರು ಸಾರ್, ಬಳ್ಳಿ ನೋಡ್ಕೊಂಡು.’ ಆಮೇಲೆ ಕಿಟಕಿ ಆಚೆ ನೋಡಿ, ‘ಆ ಎಲೆ ಗಾಳಿಗೆ ಅಲ್ಲಾಡ್ತಿಲ್ಲ.’ ಕತೆಯ ಕೊನೆಯಲ್ಲಿ ಜಾನ್ಸಿಯ ಗೆಳತಿ ಸ್ಯೂ ಎತ್ತುವ ಪ್ರಶ್ನೆಯೂ ಅದೇ. ಹುಡುಗಿ ಅಲ್ಲಿಗಿನ್ನೂ ಬಂದಿರಲಿಲ್ಲ.

ಆ ಬ್ಯಾಚಿನಲ್ಲಿ ಒಬ್ಬ ಬರೆದ: ಹಾರ ನಕಲಿ ಅಂತ ಮೊದಲೇ ಗೊತ್ತಾಗಿದ್ದರೆ ಬದುಕು ಉಳಿಯುತ್ತಿತ್ತು, ಎಲೆ ನಕಲಿ ಅಂತ ಮೊದಲೇ ಗೊತ್ತಾಗಿದ್ದರೆ ಜೀವ ಹೋಗುತ್ತಿತ್ತು. ಇನ್ನೊಬ್ಬಳು ಬೆರ್ಮನ್ನನ ಏಣಿ, ಲಾಂದ್ರ, ಹಸಿರು-ಹಳದಿ ಕಲೆಸಿದ ಪ್ಯಾಲೆಟ್ಟನ್ನೇ ಅವನು ತೆತ್ತ ಬಿಲ್ಲು ಅಂದಳು. ನಕ್ಕ ಮೇಷ್ಟ್ರು ಈಗ ನನ್ನ ಹಾಳೆಗಳನ್ನು ಜೆರಾಕ್ಸ್ ಮಾಡಿಸಿಕೊಳ್ತಾರೆ. ಸರ ತೋರಿಸುವ ಮುಂಚೆ ಕೇಳುವ ಪ್ರಶ್ನೆಯೊಂದಿದೆ; ಅದು ಹಾಳೆಯಲ್ಲಿಲ್ಲ, ಇಲ್ಲೂ ಬರೆಯುವುದಿಲ್ಲ.

ಹುಮ್ಮಸ್ಸಿನಲ್ಲಿ ಮಾಸ್ತಿಯವರ ‘ಮೊಸರಿನ ಮಂಗಮ್ಮ’ನನ್ನೂ ಇದೇ ದಾರಿಗೆ ಎಳೆದೆ. ಕತೆಯಲ್ಲಿ ಅವಳು ಹಾಕಿಕೊಳ್ಳುವ ಮಖಮಲ್ ಜಾಕೀಟಿನ ಬೆನ್ನು ಹತ್ತಿಸಿದೆ, ಕೆಡಿಸಿಕೊಂಡೆ. ಜಾಕೀಟು ಅಸಲಿ, ಯಾರಿಗೂ ಮೋಸವಿಲ್ಲ, ಮಕ್ಕಳು ಇಪ್ಪತ್ತೇ ನಿಮಿಷಕ್ಕೆ ಆಕಳಿಸಿದರು. ಈ ಸಲ ಜಾಕೀಟು ಬಿಟ್ಟು ಮೊಸರಿನ ಗಡಿಗೆ ಹಿಡಿದು ನೋಡುತ್ತೇನೆ.