ಕಂಪ್ರೆಸರ್ ಗಾಳಿ ಎಷ್ಟು ಸೋರುತ್ತಿದೆ? ಸ್ಟಾಪ್‌ವಾಚ್ ಹಿಡಿದು ಅಳೆಯಿರಿ

2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಎನರ್ಜಿ ಆಡಿಟ್ ಕಡ್ಡಾಯವಿರುವುದು ಸರ್ಕಾರ ಗುರುತಿಸಿದ ದೊಡ್ಡ ಬಳಕೆದಾರರಿಗೆ. ಪೀಣ್ಯದ ಸಣ್ಣ ಮಷಿನ್ ಶಾಪ್ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುವುದಿಲ್ಲ. ಹಾಗಂತ ಸೋರಿಕೆ ಅಳೆಯಲು ಆಡಿಟರ್‌ಗಾಗಿ ಕಾಯಬೇಕಿಲ್ಲ, ಮೊಬೈಲ್‌ನ ಸ್ಟಾಪ್‌ವಾಚ್ ಸಾಕು.

ವಾರದ ರಜೆಯ ದಿನ ಅಳೆಯಿರಿ. ಯಾವ ಮಷಿನ್ನೂ ಗಾಳಿ ಬಳಸುತ್ತಿರಬಾರದು, ಆದರೆ ಅವುಗಳ ವಾಲ್ವ್ ತೆರೆದೇ ಇರಲಿ. ಮುಚ್ಚಿದರೆ ಮಷಿನ್ ಒಳಗಿನ ಸೋರಿಕೆ ಲೆಕ್ಕಕ್ಕೆ ಸಿಗುವುದಿಲ್ಲ, ಹೆಚ್ಚು ಸೋರುವುದು ಅಲ್ಲೇ. ಕಂಪ್ರೆಸರ್ ಓಡಿಸಿ, ಲೋಡ್ ಆಗಿರುವ (ಗಾಳಿ ಒತ್ತಿ ತುಂಬುವ) ಸಮಯ, ಅನ್‌ಲೋಡ್ ಆಗಿರುವ (ಗಾಳಿ ತುಂಬದೆ ಖಾಲಿ ಓಡುವ) ಸಮಯ ಎರಡನ್ನೂ ಐದಾರು ಸುತ್ತು ಬರೆದುಕೊಂಡು ಸರಾಸರಿ ತೆಗೆಯಿರಿ. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸೋರಿಕೆಯ ಪಾಲು. ಲೋಡ್ 90 ಸೆಕೆಂಡ್, ಅನ್‌ಲೋಡ್ 270 ಸೆಕೆಂಡ್ ಇದ್ದರೆ ಶೇ. 25. ಅಂದರೆ 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ ಗಾಳಿ) ಕಂಪ್ರೆಸರ್‌ನಲ್ಲಿ 25 ಸಿಎಫ್‌ಎಂ ಸುಮ್ಮನೆ ಹೋಗುತ್ತಿದೆ. ಶೇ. 10ರೊಳಗೆ ತಂದರೆ ಒಳ್ಳೆಯ ಕೆಲಸ. ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್) ಇರುವ ಕಂಪ್ರೆಸರ್‌ಗೆ ಈ ವಿಧಾನ ಹೊಂದುವುದಿಲ್ಲ.

ಉಳಿತಾಯದ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಮೇಲಿನ 100 ಸಿಎಫ್‌ಎಂ ಕಂಪ್ರೆಸರ್ ಲೋಡ್‌ನಲ್ಲಿ 18 ಕಿಲೋವ್ಯಾಟ್ ಎಳೆಯುತ್ತದೆ ಎನ್ನಿ. ಅದರ ಕಾಲುಭಾಗ 4.5 ಕಿಲೋವ್ಯಾಟ್ ಪೂರ್ತಿ ಉಳಿಯುತ್ತದೆ ಎಂದು ಮಾಲೀಕರಿಗೆ ಹೇಳಬೇಡಿ. ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲೂ ಸುಮಾರು ಮೂರನೇ ಒಂದು ಭಾಗ, ಇಲ್ಲಿ 6 ಕಿಲೋವ್ಯಾಟ್, ಎಳೆಯುತ್ತದೆ. ಸೋರಿಕೆ ಪೂರ್ತಿ ನಿಂತರೂ ಉಳಿಯುವುದು 18ರಲ್ಲಿ 6 ಕಳೆದ 12ರ ಕಾಲುಭಾಗ, 3 ಕಿಲೋವ್ಯಾಟ್. ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಓಡಿದರೆ 14,400 ಯೂನಿಟ್. ನಿಮ್ಮ ಬೆಸ್ಕಾಂ ಬಿಲ್‌ನ ದರದಿಂದ ಗುಣಿಸಿ.

ಸೋರಿಕೆ ಹುಡುಕಲು ಸೋಪು ನೀರು, ಬ್ರಷ್ ಸಾಕು. ವಿದ್ಯುತ್ ವಾಲ್ವ್‌ನ ಸೊಲೆನಾಯ್ಡ್ ಕಾಯಿಲ್ ಮೇಲೆ ಮಾತ್ರ ಬೀಳಿಸಬೇಡಿ. ಕ್ವಿಕ್ ಕಪ್ಲಿಂಗ್, ಹೋಸ್ ಕ್ಲಿಪ್, ಎಫ್‌ಆರ್‌ಎಲ್ (ಫಿಲ್ಟರ್-ರೆಗ್ಯುಲೇಟರ್-ಲೂಬ್ರಿಕೇಟರ್) ಬೌಲ್, ಸಿಲಿಂಡರ್ ಸೀಲ್ ಮೊದಲು ನೋಡಿ. ಜಾಯಿಂಟ್ ಬಿಚ್ಚುವ ಮುನ್ನ ಆ ಲೈನ್‌ನ ಗಾಳಿ ಪೂರ್ತಿ ಬಿಡಿ. ಟೆಫ್ಲಾನ್ ಟೇಪನ್ನು ಮೊದಲ ಮರೆ (ಥ್ರೆಡ್) ಬಿಟ್ಟು, ಬಿಗಿಯುವ ದಿಕ್ಕಿನಲ್ಲೇ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗಲೇ ಬಿಚ್ಚಿಕೊಳ್ಳುತ್ತದೆ.

ಸೋರಿಕೆ ನಿಂತ ಮೇಲೆ ಪ್ರೆಶರ್ ಸೆಟ್ಟಿಂಗನ್ನು 0.2 ಬಾರ್‌ನಂತೆ ಇಳಿಸುತ್ತಾ ಹೋಗಿ. ಕೊನೆಯ ಮಷಿನ್‌ನ ಕ್ಲ್ಯಾಂಪ್ ಹಿಡಿತ ಸಡಿಲವಾಗದಂತೆ ನೋಡಿಕೊಳ್ಳಿ. 7 ಬಾರ್ ಆಸುಪಾಸಿನಲ್ಲಿ 1 ಬಾರ್ ಇಳಿಸಿದರೆ ಕರೆಂಟ್ ಶೇ. 6–7ರಷ್ಟು ತಗ್ಗುತ್ತದೆ. ಇನ್ನು, ನೀರು ಹೋಗಲೆಂದು ರಿಸೀವರ್‌ನ (ಗಾಳಿ ಟ್ಯಾಂಕ್) ಡ್ರೇನ್ ವಾಲ್ವನ್ನು ಯಾರೋ ಸ್ವಲ್ಪ ತೆರೆದಿಟ್ಟಿರುತ್ತಾರೆ. ಬೈದು ಪ್ರಯೋಜನವಿಲ್ಲ, ಆಟೋ ಡ್ರೇನ್ ಹಾಕಿಸಿ.